ಮೆತ್ತಗಾದ ಬಯಲು

ನಮ್ಮ ಸೀಮೆಯಲ್ಲಿ ಈ ಕಾಯಿಲೆಗೆ ‘ಮುಪ್ಪಿನ ಸಕ್ಕರೆ’ ಎಂದು ಹೆಸರು. ಯಾವ ಪುಣ್ಯಾತ್ಮ ಈ ಹೆಸರಿಟ್ಟನೋ, ನನ್ನ ಕೈಗೆ ಸಿಕ್ಕರೆ ಸುಮ್ಮನೆ ಬಿಡುವುದಿಲ್ಲ. ಕೇಳಿದರೆ ಪಿಂಚಣಿಯ ಜೊತೆ ಸರ್ಕಾರ ಕೊಡುವ ಮಿಠಾಯಿ ಪೊಟ್ಟಣ ಅನ್ನಿಸುತ್ತದೆ. ಕೂದಲು ನರೆಯಿತು, ಹಲ್ಲು ಅಲುಗಿತು, ಒಂಚೂರು ಸಕ್ಕರೆ ಬಂತು, ಅಷ್ಟೇ ಎಂಬ ಧಾಟಿ. ನನ್ನ ಗಂಡ ಟಾಡೆಗೆ ಅದು ಇದೆ ಎಂದು ಗೊತ್ತಾದಾಗ ಅವನಿಗೆ ಐವತ್ತೊಂಬತ್ತು. “ಮುಪ್ಪಿನದಲ್ವಾ ಇಂಕೆನ್, ಮುಪ್ಪು ಬಂದಾಗ ನೋಡ್ಕೊಳ್ಳೋಣ ಬಿಡು” ಎಂದು ನಕ್ಕ. ಇಂಕೆನ್ ಎಂದರೆ ನಾನು, ನಾನೂ ನಕ್ಕೆ. ಆ ನಗುವನ್ನು ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ.

ಅವನ ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ. ನಮ್ಮೂರನ್ನು ನೀರಿನಿಂದ ಕಾಯುವ ಮಣ್ಣಿನ ಏರಿಯ ಆಚೆ ಉತ್ತರ ಸಮುದ್ರ ದಿನಕ್ಕೆರಡು ಸಲ ಎದ್ದು ಹೋಗುತ್ತದೆ, ಎರಡು ಸಲ ವಾಪಸು ಬರುತ್ತದೆ. ಹೋದಾಗ ಉಳಿಯುವುದು ಕಣ್ಣು ಹಾಯುವಷ್ಟು ದೂರ ಬೂದು ಕೆಸರುಬಯಲು. ಪ್ರವಾಸಿಗಳನ್ನು ಬರಿಗಾಲಲ್ಲಿ ಆ ಬಯಲಿನ ಮೇಲೆ ನಡೆಸಿಕೊಂಡು ಎದುರಿನ ಪುಟ್ಟ ದ್ವೀಪಕ್ಕೆ ಕರೆದೊಯ್ದು, ಸಮುದ್ರ ಮರಳುವ ಮುಂಚೆ ವಾಪಸು ತಂದು ಬಿಡುವುದು ಟಾಡೆಯ ಕೆಲಸ. ಅವನ ಅಪ್ಪನೂ ಅದನ್ನೇ ಮಾಡಿದ್ದ. ಕೈಯಲ್ಲಿ ಕೋಲು, ಜೇಬಿನಲ್ಲಿ ದಿಕ್ಸೂಚಿ, ಮಣಿಕಟ್ಟಿನಲ್ಲಿ ಗಡಿಯಾರ ಎಲ್ಲ ಇರುತ್ತದೆ, ಆದರೆ ದಾರಿ ತೋರುವವರು ನಂಬುವುದು ಅಂಗಾಲನ್ನು. ಎಲ್ಲಿ ಗಟ್ಟಿ ಮರಳು, ಎಲ್ಲಿ ಮಂಡಿಯವರೆಗೆ ನುಂಗುವ ಹೂಳು ಎಂದು ಅದಕ್ಕೆ ಗೊತ್ತಾಗುತ್ತದೆ. ಸಮುದ್ರ ತಿರುಗಿದ್ದೂ ಅದಕ್ಕೇ ಮೊದಲು ತಿಳಿಯುವುದು. ಬಯಲಿನಲ್ಲಿ ನಿಂತ ನೀರು ಬಿಸಿಲಿಗೆ ಬೆಚ್ಚಗಾಗಿರುತ್ತದೆ, ಆಳದಿಂದ ಬರುವ ಹೊಸ ನೀರು ತಣ್ಣಗಿರುತ್ತದೆ. ಕಣ್ಣಿಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ.

ನಾನು ಏರಿಯ ಬುಡದ ಗೂಡಿನಲ್ಲಿ ಕೂತು ಚೀಟಿ ಕೊಡುತ್ತೇನೆ. ಜನ ವಾಪಸು ಬಂದಾಗ ಪೈಪು ಹಿಡಿದು ಅವರ ಕಾಲಿನ ಕೆಸರು ತೊಳೆಯುತ್ತೇನೆ. ಮೂವತ್ತು ವರ್ಷದಲ್ಲಿ ಇಡೀ ಜರ್ಮನಿಯ ಕಾಲು ನೋಡಿದ್ದೇನೆ ಎಂದರೂ ತಪ್ಪಿಲ್ಲ. ನನ್ನ ಗಂಡನ ಕಾಲು ಮಾತ್ರ ನೋಡಿರಲಿಲ್ಲ. ಅವನು ತಾನೇ ತೊಳೆದುಕೊಂಡು ಒಳಗೆ ಹೋಗುತ್ತಿದ್ದ.

ಮೂರು ವರ್ಷ ಡಾಕ್ಟರ್ ರೀಮರ್ಸ್ ಊಟ ಸರಿಮಾಡಿ, ತೂಕ ಇಳಿಸಿ ಎಂದು ಹೇಳಿ ನೋಡಿದರು. ಆಕೆ ನನ್ನ ಮಗಳ ವಯಸ್ಸಿನವರು, ಹೂಸುಮ್ ಪೇಟೆಯಲ್ಲಿ ದವಾಖಾನೆ. ಈ ಏಪ್ರಿಲ್‌ನಲ್ಲಿ ರಕ್ತದ ಕಾಗದ ಮುಂದಿಟ್ಟುಕೊಂಡು ಕನ್ನಡಕ ತೆಗೆದರು. ಡಾಕ್ಟರು ಕನ್ನಡಕ ತೆಗೆದರೆ ನನಗೆ ಭಯ.

“ಮೂರು ತಿಂಗಳ ಸರಾಸರಿ ಒಂಬತ್ತೂವರೆ ಬಂದಿದೆ. ಏಳರ ಹತ್ತಿರ ಇರ್ಬೇಕಿತ್ತು. ಇನ್ನು ಬರೀ ಪಥ್ಯದಲ್ಲಿ ಆಗಲ್ಲ, ಮಾತ್ರೆ ಶುರು ಮಾಡೋಣ.”

“ದಿನಾ ಹನ್ನೆರಡು ಕಿಲೋಮೀಟರ್ ನಡೀತೀನಿ ಡಾಕ್ಟ್ರೇ. ಇನ್ನೆಷ್ಟು ನಡೀಲಿ? ಡೆನ್ಮಾರ್ಕಿಗೆ ಹೋಗಿ ಬರ್ಲಾ?”

“ನಡೆಯೋದು ಒಳ್ಳೇದೇ. ಅದಕ್ಕೇ ಕಾಲು ಉಳಿಸ್ಕೊಳ್ಳಿ ಅಂತಿರೋದು.”

ಶಾಲೆಯಲ್ಲಿ ಸಂಗೀತದ ಮೇಷ್ಟ್ರು ಬಾರಿಸುತ್ತಿದ್ದಂಥ ಎರಡು ಕವಲಿನ ಉಕ್ಕಿನ ಕಡ್ಡಿಯನ್ನು ಆಕೆ ತಟ್ಟಿ, ಅದರ ಬುಡವನ್ನು ಅವನ ಹೆಬ್ಬೆರಳಿನ ಮೂಳೆಯ ಮೇಲೆ ಇಟ್ಟರು. ಕಣ್ಣು ಮುಚ್ಚಿ, ಅದುರುವುದು ನಿಂತಾಗ ಹೇಳಿ ಅಂದರು. ಟಾಡೆ ಕಣ್ಣು ಮುಚ್ಚಿದ. ತಲೆಯನ್ನು ಸ್ವಲ್ಪ ಪಕ್ಕಕ್ಕೆ ವಾಲಿಸಿದ. ಮಂಜು ಕವಿದ ದಿನ ಬಯಲಿನಲ್ಲಿ ದೂರದ ನೀರಿನ ಸದ್ದು ಹಿಡಿಯುವಾಗ ಅವನು ಹಾಗೆ ತಲೆ ವಾಲಿಸುತ್ತಾನೆ.

“ಈಗ ನಿಂತಿತು” ಅಂದ. ಸರಿಯಾಗಿಯೇ ಹೇಳಿದ್ದ. ಡಾಕ್ಟರು ತಲೆಯಾಡಿಸಿ ಬರೆದುಕೊಂಡರು.

ಅವನು ಕಾಲಿನಿಂದ ಹೇಳಲಿಲ್ಲ, ಕಿವಿಯಿಂದ ಹೇಳಿದ. ಅದು ನನಗೆ ಆ ಕ್ಷಣವೇ ಗೊತ್ತಾಯಿತು. ಆದರೂ ಬಾಯಿ ಬಿಡಲಿಲ್ಲ. ಗಂಡನ ಮಾನ ತೆಗೆಯಬಾರದು ಅಂತಲೋ, ಬೇಗ ಮನೆಗೆ ಹೋಗೋಣ ಅಂತಲೋ, ಈಗ ಏನು ಕಾರಣ ಕೊಟ್ಟರೂ ಸುಳ್ಳೇ ಆಗುತ್ತದೆ. ಹೆದರಿದ್ದೆ, ಅಷ್ಟೇ.

ಮಾತ್ರೆಯನ್ನು ಅವನು ತೆಗೆದುಕೊಂಡದ್ದು ನಾಲ್ಕು ದಿನ. ನಾಲ್ಕನೆಯ ದಿನ ಇಪ್ಪತ್ತು ಜನರನ್ನು ಕಟ್ಟಿಕೊಂಡು ಬಯಲಿನ ನಟ್ಟನಡುವೆ ಇದ್ದಾಗ ಹೊಟ್ಟೆ ಕೆಟ್ಟಿತು. ಊರೊಳಗೆ ಆದರೆ ಓಡಿಹೋಗಲು ಒಂದು ಗೋಡೆಯಾದರೂ ಸಿಗುತ್ತದೆ. ನಮ್ಮ ಬಯಲಿನಲ್ಲಿ ಒಂದು ಪೊದೆಯಿಲ್ಲ, ಬಂಡೆಯಿಲ್ಲ, ಆಡು ಮಲಗುವಷ್ಟು ತಗ್ಗಿಲ್ಲ. ಅರ್ಧ ಕಿಲೋಮೀಟರ್ ದೂರ ಹೋಗಿ ಕೂತರೂ ನಲವತ್ತು ಕಣ್ಣಿಗೆ ಕಾಣುತ್ತದೆ. ಅದರಲ್ಲಿ ಎರಡು ಕಣ್ಣು ಹಕ್ಕಿ ನೋಡುವ ದುರ್ಬೀನು ಬೇರೆ ಹಿಡಿದಿದ್ದವು. ಮನೆಗೆ ಬಂದವನು ಮಾತ್ರೆಯ ಡಬ್ಬಿಯನ್ನು ಚಹಾ ಕಪಾಟಿನ ಹಿಂದೆ ಎಸೆದ.

“ಡಾಕ್ಟ್ರಿಗೆ ಹೇಳು, ಬೇರೆ ಕೊಡ್ತಾರೆ” ಅಂದೆ.

“ಏನಂತ ಹೇಳ್ಲಿ? ಆ ಹುಡುಗಿ ಹತ್ರ ಹೋಗಿ ಬಯಲಲ್ಲಿ ಏನಾಯ್ತು ಅಂತ ಬಿಡಿಸಿ ಹೇಳ್ಲಾ?”

“ನಾಚ್ಕೆಗೆ ಪ್ರಾಣ ಕೊಡ್ತೀಯಾ?”

“ಮೊಮ್ಮೆನೂ ಮಾತ್ರೆಯಿಂದಾನೇ ಶುರು ಮಾಡಿದ್ದು ಇಂಕೆನ್. ಮಾತ್ರೆ, ಆಮೇಲೆ ಸೂಜಿ, ಆಮೇಲೆ ಬೆರಳು, ಆಮೇಲೆ ಮಂಡಿ ಕೆಳಗೆ ಎಲ್ಲಾ. ನಾನು ಮೊದಲ ಮೆಟ್ಲೇ ಹತ್ತಲ್ಲ.”

ಮೊಮ್ಮೆ ಅವನ ಅಣ್ಣ. ಮಾತ್ರೆ ಶುರು ಮಾಡುವ ಹತ್ತು ವರ್ಷ ಮೊದಲೇ ಅವನಿಗೆ ಸಕ್ಕರೆ ಇತ್ತು, ಹತ್ತು ವರ್ಷವೂ ಯಾವ ಡಾಕ್ಟರ ಮುಖವನ್ನೂ ನೋಡಿರಲಿಲ್ಲ. ಇದನ್ನು ನಾನು ನೂರು ಸಲ ಹೇಳಿದ್ದೇನೆ. ಆದರೆ ಟಾಡೆಯ ತಲೆಯಲ್ಲಿ ಮಾತ್ರೆಯೇ ಮುಂದಾಳು, ಗರಗಸ ಅದರ ಹಿಂದೆ ಬರುವುದು. ಅದರ ಬದಲು ಬೆಣ್ಣೆ ಬಿಡುತ್ತೇನೆ, ಕೇಕು ಬಿಡುತ್ತೇನೆ ಎಂದು ಆಣೆ ಮಾಡಿದ. ಬಿಟ್ಟ ಕೂಡ. ಆದರೆ ದ್ವೀಪದ ಹೋಟೆಲಿನಲ್ಲಿ ದಿನಾ ಒಂದು ‘ಸತ್ತ ಅತ್ತೆ’ ಹೊಡೆಯುವುದು ಬಿಡಲಿಲ್ಲ. ಬಿಸಿ ಚಾಕೊಲೇಟು, ಅದಕ್ಕೆ ರಮ್, ಮೇಲೆ ಗುಡ್ಡದಷ್ಟು ಕೆನೆ, ಅದಕ್ಕೆ ನಮ್ಮ ಕಡೆ ಹಾಗೆ ಹೆಸರು. ದಾರಿ ತೋರುವವನು ಕುಡಿಯಬಾರದು ಎಂದು ಅವನು ರಮ್ ಹಾಕಿಸುತ್ತಿರಲಿಲ್ಲ, ಆ ತ್ಯಾಗಕ್ಕೆ ಪರಿಹಾರವಾಗಿ ಕೆನೆ ಎರಡು ಪಾಲು.

ಜೂನ್ ಬಂತು. ಒಂದು ಸಂಜೆ ಊಟಕ್ಕೆ ಕೂತಾಗ ಟಾಡೆ, “ಈ ವರ್ಷ ಬಯಲು ಮೆತ್ತಗಾಗ್ಬಿಟ್ಟಿದೆ” ಅಂದ.

“ಮೆತ್ತಗೆ ಅಂದ್ರೆ?”

“ಉಣ್ಣೆ ಮೇಲೆ ನಡೆದ ಹಾಗೆ. ಮರಳಿನ ಗೆರೆಗಳೇ ಕಾಲಿಗೆ ಸಿಗ್ತಿಲ್ಲ. ಎಲ್ಲಾ ಕಡೆ ಹೂಳು ಬಂದು ಕೂತಿದೆ.”

ನಾನು ನಂಬಿದೆ. ಯಾಕೆ ನಂಬಬಾರದು? ಬಯಲು ಪ್ರತಿ ಚಳಿಗಾಲ ಮೈ ಬದಲಿಸುತ್ತದೆ, ಬಿರುಗಾಳಿ ಒಂದು ಕಡೆಯ ಮರಳನ್ನು ಇನ್ನೊಂದು ಕಡೆ ಒಯ್ದು ಸುರಿಯುತ್ತದೆ. ಆ ಬಯಲಿನ ವಿಷಯದಲ್ಲಿ ಟಾಡೆಯ ಮಾತಿಗೆ ಎದುರು ಮಾತಿಲ್ಲ ಎಂದು ಊರೇ ಒಪ್ಪಿತ್ತು. ಅವನು ದಾರಿ ತೋರುವವರ ಸಂಘಕ್ಕೆ ಎರಡು ಪುಟದ ಕಾಗದ ಬರೆದ. ಸಮುದ್ರ ಬಿಸಿಯಾಗುತ್ತಿದೆ, ಮರಳು ಸವೆಯುತ್ತಿದೆ, ಯಾರಾದರೂ ಬಂದು ಅಳೆಯಬೇಕು ಎಂದು. ಕಾಗುಣಿತ ತಿದ್ದಿದವಳು ನಾನೇ.

ಸಂಘದಿಂದ ವೀಬ್ಕೆ ಬಂದಳು. ನಮ್ಮ ಪಕ್ಕದ ಮನೆಯವಳು, ಟಾಡೆಯ ಹತ್ತಿರವೇ ದಾರಿ ಕಲಿತವಳು, ಅವನನ್ನು ಮಾವ ಎಂದೇ ಕರೆಯುತ್ತಾಳೆ. ಮೂರು ದಿನ ಕೋಲು ಚುಚ್ಚಿ ಚುಚ್ಚಿ ಅಳೆದು, ನಾಲ್ಕನೆಯ ದಿನ ನನ್ನ ಗೂಡಿನ ಮುಂದೆ ಬಂದು ನಿಂತಳು.

“ಇಂಕೆನತ್ತೆ, ಬಯಲು ಹೋದ ವರ್ಷ ಹೇಗಿತ್ತೋ ಹಾಗೇ ಇದೆ. ಒಂದು ಬೆರಳಷ್ಟೂ ವ್ಯತ್ಯಾಸ ಇಲ್ಲ.”

“ಹಾಗಾದ್ರೆ ನಿಮ್ಮಾವ ಸುಳ್ಳು ಹೇಳ್ತಾನಾ? ನೀನು ಹುಟ್ಟೋ ಮುಂಚೆಯಿಂದ ಅವನು ಅದರ ಮೇಲೆ ನಡೀತಿದಾನೆ ಕಣೇ.”

“ಸುಳ್ಳು ಅಂತ ಯಾರು ಅಂದ್ರು? ನೀವೇ ಒಂದಿನ ಇಳಿದು ನೋಡಿ. ಎಷ್ಟು ವರ್ಷ ಆಯ್ತು ನೀವು ಬಯಲಿಗೆ ಇಳಿದು?”

ಎಂಟು ವರ್ಷವಾಗಿತ್ತು. ಈ ಹುಡುಗಿಯ ಬಾಯಿ ಮುಚ್ಚಿಸಬೇಕು ಎಂಬ ಒಂದೇ ಹಟಕ್ಕೆ, ಆಗಸ್ಟ್ ತಿಂಗಳ ಒಂದು ಬುಧವಾರ ಗೂಡಿಗೆ ಬೀಗ ಹಾಕಿ ಟಾಡೆಯ ಗುಂಪಿನ ಜೊತೆ ನಾನೂ ಹೊರಟೆ. ಇಪ್ಪತ್ತೆರಡು ಜನ ಇದ್ದರು. ಬಿಸಿಲಿತ್ತು, ಪಶ್ಚಿಮದಿಂದ ಗಾಳಿ ಬೀಸುತ್ತಿತ್ತು.

ಏರಿ ಇಳಿದು ಮೊದಲ ಹೆಜ್ಜೆ ಇಡುವಾಗ ಹೂಳಿನೊಳಗೆ ಕಾಲು ಇಳಿಯುತ್ತದೆ ಎಂದು ಮೈ ಬಿಗಿಹಿಡಿದಿದ್ದೆ. ಇಳಿಯಲಿಲ್ಲ. ಕಾಲ ಕೆಳಗೆ ಗಟ್ಟಿ ಮರಳು, ಬಟ್ಟೆ ಒಗೆಯುವ ಹಲಗೆಯ ಹಾಗೆ ಗೆರೆಗೆರೆ. ಒಂದೊಂದು ಗೆರೆಯೂ ಅಂಗಾಲಿಗೆ ಒತ್ತಿ ನೋಯುತ್ತಿತ್ತು. ನೂರು ಹೆಜ್ಜೆ, ಇನ್ನೂರು ಹೆಜ್ಜೆ ಹಾಕಿದೆ, ಎಲ್ಲೂ ಬದಲಾಗಲಿಲ್ಲ.

ಟಾಡೆ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದ, “ನೋಡಿದ್ಯಾ? ಎಷ್ಟು ಮೆತ್ತಗಿದೆ.”

ನಾನು ಅವನ ಮುಖ ನೋಡಿದೆ. ತಮಾಷೆಯಿರಲಿಲ್ಲ. ಹೂಂ ಅಂದೆ. ಹಿಂದೆ ಇಪ್ಪತ್ತೆರಡು ಜನ ಬಾತುಕೋಳಿಗಳ ಹಾಗೆ ಸಾಲಾಗಿ ಬರುತ್ತಿದ್ದರು, ಅವರ ಮುಂದೆ ಏನು ಹೇಳಲಿ? ದ್ವೀಪ ಮುಟ್ಟುವವರೆಗೂ ಅವನ ಕಾಲನ್ನೇ ನೋಡುತ್ತಾ ನಡೆದೆ. ಸಿಂಪಿಯ ಚಿಪ್ಪುಗಳು ಗಾಜಿನ ಚೂರಿನಂತೆ ಎದ್ದು ನಿಂತಿದ್ದ ಜಾಗದಲ್ಲಿ ನಾವೆಲ್ಲ ಅಯ್ಯೋ ಅಮ್ಮಾ ಅನ್ನುತ್ತಾ ಕುಂಟಿದೆವು. ಅವನು ರತ್ನಗಂಬಳಿಯ ಮೇಲೆ ನಡೆದಂತೆ ನಡೆದುಹೋದ. “ಮೂವತ್ತು ವರ್ಷ ನಡೆದು ಗಟ್ಟಿಯಾದ ಚರ್ಮ ನೋಡಿ!” ಎಂದು ಒಬ್ಬ ಮುದುಕ ಮೆಚ್ಚಿಕೊಂಡ.

ವಾಪಸು ಬರುವಾಗ ಏರಿಗೆ ಅರ್ಧ ಗಂಟೆ ಇರುವಂತೆ ಒಂದು ಹಳ್ಳ ಸಿಗುತ್ತದೆ. ಸಮುದ್ರ ಹೋದಾಗಲೂ ಅದರಲ್ಲಿ ಮೊಣಕಾಲುದ್ದ ನೀರು ನಿಂತಿರುತ್ತದೆ, ಸಮುದ್ರ ಮರಳುವಾಗ ಮೊದಲು ತುಂಬುವುದೂ ಅದೇ. ಆ ಹಳ್ಳದ ನಡುವೆ ಎಲ್ಲರನ್ನೂ ನಿಲ್ಲಿಸಿ, ಹಿಂದೆ ಒಂದೇ ರಾತ್ರಿಯಲ್ಲಿ ಮುಳುಗಿಹೋದ ಊರಿನ ಕಥೆ ಹೇಳುವುದು ಟಾಡೆಯ ವಾಡಿಕೆ. ಅವನ ಅಪ್ಪನೂ ಅಲ್ಲೇ ನಿಂತು ಹೇಳುತ್ತಿದ್ದ. ಐದು ನಿಮಿಷದ ಕಥೆ. ನೀರು ತಿರುಗಿದ್ದು ಕಾಲಿಗೆ ತಾಕಿದರೆ ಅರ್ಧಕ್ಕೇ ನಿಲ್ಲಿಸಿ ನಡೆಯುತ್ತಾರೆ.

ಅವನು ಕಥೆ ಶುರು ಮಾಡಿದ. ಮುಳುಗುವ ಊರಿನ ಇಗರ್ಜಿಯ ಗಂಟೆ ಮೊಳಗುವವರೆಗೆ ಕಥೆ ಬಂದಾಗ ನನ್ನ ಕಾಲಿನ ಸುತ್ತ ಏನೋ ತಣ್ಣಗೆ ಸುತ್ತಿಕೊಂಡಿತು. ಮೊದಲು ಬೆಚ್ಚನೆಯ ನೀರಿನ ಕೆಳಗೆ ಒಂದು ಎಳೆ, ಆಮೇಲೆ ಇನ್ನೊಂದು, ಆಮೇಲೆ ಕಣಕಾಲು ಪೂರಾ ಜುಮ್ಮೆಂದಿತು. ಪಶ್ಚಿಮದ ಗಾಳಿ ಸಮುದ್ರವನ್ನು ಹೊತ್ತಿಗೆ ಮುಂಚೆಯೇ ತಳ್ಳಿಕೊಂಡು ಬರುತ್ತಿತ್ತು. ನಾನು ಟಾಡೆಯನ್ನು ನೋಡಿದೆ. ಗಂಟೆಯ ಸದ್ದು ಹೇಗಿತ್ತೆಂದು ಅವನು ಕೈಯೆತ್ತಿ ತೋರಿಸುತ್ತಿದ್ದ.

“ಟಾಡೆ, ನೀರು ತಣ್ಣಗಾಯ್ತು.”

“ಎಲ್ಲಿ ತಣ್ಣಗೆ? ಹಾಲಿನಷ್ಟು ಬೆಚ್ಚಗಿದೆ” ಎಂದು ನಗುತ್ತಾ ಜನರ ಕಡೆ ತಿರುಗಿದ. “ನನ್ನ ಹೆಂಡ್ತಿ ಗೂಡಲ್ಲಿ ಕೂತು ಕೂತು ನಾಜೂಕಾಗಿದಾಳೆ.”

ಜನ ನಕ್ಕರು. ನೀರು ಮಂಡಿ ದಾಟಿತ್ತು. ಒಂದು ಸಣ್ಣ ಹುಡುಗಿ, “ಅಮ್ಮಾ, ನಂಗೂ ಚಳಿ” ಅಂದಳು.

ಆಗ ನಾನು ಕಿರುಚಿದೆ. ಮೂವತ್ತೆರಡು ವರ್ಷದ ಸಂಸಾರದಲ್ಲಿ ನಾಲ್ಕು ಜನರ ಮುಂದೆ ಅವನ ಮೇಲೆ ದನಿ ಎತ್ತಿದವಳಲ್ಲ. “ನಡೀರಿ! ಎಲ್ರೂ ನಡೀರಿ! ಮಕ್ಕಳನ್ನ ಎತ್ಕೊಳ್ಳಿ! ಕೈ ಕೈ ಹಿಡ್ಕೊಳ್ಳಿ!” ನಾನು ಮುಂದೆ ನುಗ್ಗಿದೆ. ಹಳ್ಳದ ಆಚೆ ದಡಕ್ಕೆ ಐವತ್ತು ಹೆಜ್ಜೆ ಇರಬೇಕು. ಅರ್ಧ ದಾರಿಗೆ ನೀರು ಸೊಂಟಕ್ಕೆ ಬಂತು, ಕುಳ್ಳಗಿದ್ದ ಒಬ್ಬ ಹೆಂಗಸಿಗೆ ಎದೆಯವರೆಗೆ. ಅವಳ ಚೀಲ ತೇಲಿಹೋಯಿತು. ಮುದುಕನನ್ನು ಇಬ್ಬರು ರಟ್ಟೆ ಹಿಡಿದು ಎಳೆದರು. ಟಾಡೆ ಕೊನೆಯಲ್ಲಿ ಬಂದ, ಆ ಸಣ್ಣ ಹುಡುಗಿಯನ್ನು ಹೆಗಲ ಮೇಲೆ ಹೊತ್ತಿದ್ದ. ದಡ ಹತ್ತಿ ನಾನು ಎಣಿಸಿದೆ, ಮತ್ತೆ ಎಣಿಸಿದೆ. ಇಪ್ಪತ್ತೆರಡೂ ಇತ್ತು. ತಿರುಗಿ ನೋಡಿದರೆ ನಾವು ನಿಂತು ಕಥೆ ಕೇಳಿದ ಜಾಗ ಯಾವುದೆಂದೇ ತಿಳಿಯುತ್ತಿರಲಿಲ್ಲ.

ಜನರೆಲ್ಲ ಹೋದ ಮೇಲೆ ಅವನು ಏರಿಯ ಹುಲ್ಲಿನ ಮೇಲೆ ಕೂತ. ಅಂಗಾಲನ್ನು ಹುಲ್ಲಿಗೆ ಉಜ್ಜಿ ಉಜ್ಜಿ ನೋಡಿದ.

“ನಂಗೆ ತಣ್ಣಗೇ ಅನ್ನಿಸ್ಲಿಲ್ಲ ಇಂಕೆನ್” ಅಂದ ಕೊನೆಗೆ. “ಈಗ್ಲೂ ಹುಲ್ಲು ಚುಚ್ತಿಲ್ಲ. ಬಯಲಿಗೇನೂ ಆಗಿಲ್ಲ ಅಲ್ವಾ?”

“ಇಲ್ಲ. ಬಯಲಿಗೇನೂ ಆಗಿಲ್ಲ.”

ಮಾರನೆಯ ದಿನವೇ ಡಾಕ್ಟರ್ ರೀಮರ್ಸ್ ಹತ್ತಿರ ಕರೆದುಕೊಂಡು ಹೋದೆ. ಕಿವಿಯಿಂದ ಮೋಸ ಮಾಡಿದ್ದನ್ನು, ಮಾತ್ರೆ ಎಸೆದದ್ದನ್ನು, ಹೊಟ್ಟೆ ಕೆಟ್ಟದ್ದನ್ನು, ಹಳ್ಳದ ನೀರನ್ನು, ಒಂದೂ ಬಿಡದೆ ನಾನೇ ಹೇಳಿದೆ. ಅವನು ಗೋಡೆ ನೋಡುತ್ತಾ ಕೂತಿದ್ದ.

“ಹೊಟ್ಟೆಗೆ ಹಿತವಾಗಿರೋದು ಇದೆ, ನಿಧಾನಕ್ಕೆ ಕರಗುತ್ತೆ. ಸಣ್ಣ ಪ್ರಮಾಣದಿಂದ ಶುರು ಮಾಡ್ಬಹುದಿತ್ತು” ಎಂದರು ಡಾಕ್ಟರು. “ಅವತ್ತೇ ಒಂದು ಮಾತು ಹೇಳಿದ್ರೆ ಸಾಕಿತ್ತು.”

“ತಗೊಂಡ್ರೆ ಅಂಗಾಲು ವಾಪಸ್ ಬರುತ್ತಾ?” ಎಂದು ಟಾಡೆ ಕೇಳಿದ.

ಡಾಕ್ಟರು ಮತ್ತೆ ಕನ್ನಡಕ ತೆಗೆದರು. “ಹೋಗಿರೋದು ಬರುತ್ತೆ ಅಂತ ನಾನು ಮಾತು ಕೊಡಲ್ಲ. ಇನ್ನಷ್ಟು ಹೋಗ್ದೇ ಇರೋ ಹಾಗೆ ತಡೀಬಹುದು. ಕಣ್ಣು, ಮೂತ್ರಪಿಂಡ, ಕಾಲು ಎಲ್ಲದಕ್ಕೂ ಅದು ಬೇಕು. ಬರಿಗಾಲಲ್ಲಿ ಇನ್ನು ಎಲ್ಲೂ ನಡೀಬೇಡಿ, ಮನೆಯೊಳಗೂ. ದಿನಾ ಪಾದ ನೋಡ್ಕೊಳ್ಳಿ. ನಿರ್ಧಾರ ನಿಮ್ದು, ನಾನು ಬಾಯಿ ತೆಗೆದು ನುಂಗ್ಸಕ್ಕಾಗಲ್ಲ.”

ಮನೆಗೆ ಬಂದ ಕೂಡಲೇ, ಹೇಳಿಸಿಕೊಳ್ಳದೆ, ಅವನೇ ನೀರು ತಂದುಕೊಂಡು ಹೊಸ ಮಾತ್ರೆ ನುಂಗಿದ. ಎಳೆಮಗುವಿನ ಹಾಗೆ ನಾಲಿಗೆ ಚಾಚಿ ತೋರಿಸಿದ. ಏಪ್ರಿಲ್‌ನಿಂದ ನಾನು ಬೇಡಿಕೊಂಡದ್ದು ಇದನ್ನೇ. ಕಣ್ಣಲ್ಲಿ ನೀರು ಬಂತು.

“ಆಯ್ತಲ್ಲ” ಅಂದ. “ಇನ್ನು ಶನಿವಾರ ಹೋಗ್ಬಹುದು.”

“ಎಲ್ಲಿಗೆ?”

“ಬಯಲಿಗೆ. ಇಪ್ಪತ್ತಾರು ಜನ ಚೀಟಿ ತಗೊಂಡಿದಾರೆ. ಔಷಧಿ ತಗೋತಿದೀನಲ್ಲ, ಇನ್ನೇನು?”

“ಟಾಡೆ, ಡಾಕ್ಟ್ರು ಏನು ಹೇಳಿದ್ರು ಕೇಳಿಸ್ತಾ?”

“ಕೇಳಿಸ್ತು. ಗಡಿಯಾರ ನೋಡ್ಕೊಂಡು ಹೋಗ್ತೀನಿ. ನಿಧಾನಕ್ಕೆ ಸರಿಹೋಗುತ್ತೆ.” ಆಮೇಲೆ ನನ್ನ ಕೈ ಹಿಡಿದುಕೊಂಡ. ಅವನ ಕೈಯಲ್ಲಿ ಇನ್ನೂ ಬಲವಿತ್ತು. “ದಿನಾ ತಪ್ಪದೆ ತಗೋತೀನಿ, ಸತ್ತ ಅತ್ತೆನೂ ಬಿಡ್ತೀನಿ. ಆದ್ರೆ ಬಯಲು ಬಿಡ್ಸಿದ್ರೆ ಇದನ್ನ ಯಾಕೆ ನುಂಗ್ಬೇಕು ಹೇಳು? ಕುರ್ಚಿ ಮೇಲೆ ಕೂರೋಕೆ ಕಾಲು ಯಾಕೆ?”

ಅವನು ಹೆದರಿಸುತ್ತಿರಲಿಲ್ಲ, ಸುಮ್ಮನೆ ಮನಸ್ಸಿನಲ್ಲಿದ್ದದ್ದನ್ನು ಹೇಳುತ್ತಿದ್ದ. ಅದಕ್ಕೇ ನನಗೆ ಹೆಚ್ಚು ಭಯವಾಯಿತು. ಒಂದು ಕಡೆ ನನ್ನ ಗಂಡನ ಕಾಲು, ಇನ್ನೊಂದು ಕಡೆ ಹೆಸರೂ ಗೊತ್ತಿಲ್ಲದ ಇಪ್ಪತ್ತಾರು ಜನ. ಶುಕ್ರವಾರ ಇಡೀ ದಿನ ಗೂಡಿನಲ್ಲಿ ಕೂತು ಯೋಚಿಸಿದೆ. ಗಾಳಿ ಇಲ್ಲದ ದಿನ ಮಾತ್ರ ಕಳಿಸಲೇ, ನಾನೂ ಜೊತೆಗೆ ಹೋಗಲೇ ಎಂದೆಲ್ಲ. ಮಗುವಿನ ಚಳಿಯ ಮಾತು ಕಿವಿಯಿಂದ ಹೋಗಲೇ ಇಲ್ಲ. ಸಂಜೆ ಸಂಘಕ್ಕೆ ಫೋನ್ ಮಾಡಿ ಎಲ್ಲವನ್ನೂ ಹೇಳಿಬಿಟ್ಟೆ.

ಶನಿವಾರ ಸಂಘದವರು ಟಾಡೆಯನ್ನು ತಡೆದರು, ಅವನ ಬದಲು ವೀಬ್ಕೆ ಆ ಇಪ್ಪತ್ತಾರು ಜನರನ್ನು ಕರೆದೊಯ್ದು ಕ್ಷೇಮವಾಗಿ ತಂದಳು. ಟಾಡೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಭಾನುವಾರ ಬೆಳಿಗ್ಗೆ ತಟ್ಟೆಯ ಪಕ್ಕ ನಾನಿಟ್ಟ ಮಾತ್ರೆ ಹಾಗೇ ಉಳಿಯಿತು. ಸೋಮವಾರದ್ದೂ ಉಳಿಯಿತು. ಕಣ್ಣೀರು ಹಾಕಿದೆ, ಜಗಳವಾಡಿದೆ, ಗಂಜಿಯಲ್ಲಿ ಪುಡಿ ಮಾಡಿ ಬೆರೆಸಿಯೂ ನೋಡಿದೆ. ಅವನು ಒಂದು ಚಮಚ ತಿಂದು, ಬಟ್ಟಲನ್ನು ಮೆಲ್ಲಗೆ ನನ್ನ ಕಡೆಗೆ ಸರಿಸಿದ. “ನೀನು ನಿನ್ನ ಲೆಕ್ಕದಲ್ಲಿ ಸರಿ ಇಂಕೆನ್, ಈ ನಿರ್ಧಾರ ಮಾತ್ರ ನಂದು” ಅಂದ.

ಈಗ ದಿನವೂ ನೀರು ಇಳಿದಾಗ ಒಬ್ಬನೇ ಬಯಲಿಗೆ ಹೋಗುತ್ತಾನೆ. ಜೊತೆಗೆ ಜನರಿಲ್ಲದ ಮೇಲೆ ಯಾರೂ ತಡೆಯುವಂತಿಲ್ಲ. ಬರಿಗಾಲಲ್ಲೇ ಹೋಗುತ್ತಾನೆ, ಬಂದವನೇ ಕಾಲುಚೀಲ ಹಾಕಿಕೊಳ್ಳುತ್ತಾನೆ. ಪಾದ ತೋರಿಸು ಅಂದರೆ ನೋಡಿಕೊಂಡಿದ್ದೇನೆ ಅನ್ನುತ್ತಾನೆ.

ಇವತ್ತು ಮಧ್ಯಾಹ್ನ ಊಟ ಮಾಡಿ ಕಿಟಕಿಯ ಪಕ್ಕದ ಕುರ್ಚಿಯಲ್ಲೇ ನಿದ್ದೆ ಹೋದ. ಎರಡು ದಿನದಿಂದ ಅಡುಗೆಮನೆಯಲ್ಲಿ ಒಂದು ಕೆಟ್ಟ ವಾಸನೆ ಇತ್ತು. ಮೀನಿನದಿರಬೇಕು ಎಂದು ನಾನು ಮೂಲೆಮೂಲೆ ತಿಕ್ಕಿ ತೊಳೆದಿದ್ದೆ. ಅವನ ಬಲಗಾಲಿನ ಚೀಲ ಅಡಿಯಲ್ಲಿ ಒದ್ದೆಯಾಗಿ ಕಂದು ಬಣ್ಣಕ್ಕೆ ತಿರುಗಿತ್ತು. ನೆಲದ ಮೇಲೆ ಕೂತು, ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು, ಚೀಲವನ್ನು ಸುರುಳಿ ಸುತ್ತುತ್ತಾ ಬಿಚ್ಚಿದೆ. ಹೆಬ್ಬೆರಳಿನ ಬುಡದಲ್ಲಿ ಸಿಂಪಿಯ ಚಿಪ್ಪಿನ ಚೂರೊಂದು ಒಳಗೆ ಹೊಕ್ಕಿತ್ತು, ಅದರ ಸುತ್ತ ಮಾಂಸ ಕಪ್ಪಾಗಿತ್ತು. ಎಷ್ಟು ದಿನದಿಂದ ಅದರ ಮೇಲೆ ನಡೆದಿದ್ದನೋ. ಹೊಲಿಗೆ ಡಬ್ಬಿಯಿಂದ ಚಿಮಟ ತಂದು ಹಿಡಿದು ಎಳೆದೆ. ಬರಲಿಲ್ಲ. ಹಲ್ಲು ಕಚ್ಚಿ, ತಿರುಚಿ, ಇನ್ನೊಂದು ಸಲ ಎಳೆದೆ. ಟಾಡೆ ಬಾಯಿ ಸ್ವಲ್ಪ ತೆರೆದುಕೊಂಡು ಸಣ್ಣಗೆ ಗೊರಕೆ ಹೊಡೆಯುತ್ತಲೇ ಇದ್ದ.